ಮತ್ತೆ ‘ದುರ್ಗಾಸ್ತಮಾನ’, ಈ ಸಲ ಕನ್ನಡಕ ಹಾಕ್ಕೊಂಡು

ತ.ರಾ.ಸು. ಅವರ ಈ ಐತಿಹಾಸಿಕ ಕಾದಂಬರಿಯನ್ನು ಪಿಯುಸಿಯಲ್ಲಿ ಲೈಬ್ರರಿಯಿಂದ ತಂದು ಮೂರೇ ದಿನಕ್ಕೆ ಮುಗಿಸಿದ್ದೆ. ಆಗ ನನಗೆ ಬೇಕಿದ್ದದ್ದು ಕುದುರೆ, ಕತ್ತಿ, ಚಿತ್ರದುರ್ಗದ ದೊರೆ ಮದಕರಿ ನಾಯಕ. ದರ್ಬಾರಿನ ಮಾತುಕತೆ ಬಂದರೆ ಸಾಕು, ಹಾಳೆ ಮಗುಚುತ್ತಿದ್ದೆ. ಈಗ ನಲವತ್ತಾರು. ದಾವಣಗೆರೆಯ ಹಳೇ ಪುಸ್ತಕದಂಗಡಿಯಲ್ಲಿ ಒಂದು ಪ್ರತಿ ಸಿಕ್ಕಿತು, ಮಂಡಕ್ಕಿ ಮಿರ್ಚಿ ತಿನ್ನುತ್ತಾ ಶುರು ಮಾಡಿದೆ (ಎಣ್ಣೆ ಕಲೆ ನನ್ನದೇ, ಹಳೇ ಓದುಗರದಲ್ಲ).

ಅಂದು ಹಾರಿಸಿದ ಪುಟಗಳೇ ಇಂದು ಹಿಡಿದು ಕೂರಿಸಿದವು. ಯಾರು ಯಾರ ಕಿವಿಯಲ್ಲಿ ಏನು ಊದಿದರು, ಯಾವ ಮಾತಿಗೆ ಯಾರು ಸುಮ್ಮನಾದರು ಅನ್ನೋದೆಲ್ಲ ಇಪ್ಪತ್ತು ವರ್ಷ ಆಫೀಸಿನಲ್ಲಿ ದುಡಿದವಳಿಗೆ ಬೇಗ ಅರ್ಥವಾಗುತ್ತೆ. ಯುದ್ಧದ ಭಾಗ ಮಾತ್ರ ಈಗ ಸ್ವಲ್ಪ ಉದ್ದ ಅನಿಸಿತು. “1779ರಲ್ಲಿ ಹೈದರಾಲಿ ಕೋಟೆ ಹಿಡೀತಾನೆ ಅಂತ ಗೊತ್ತಿದ್ದೂ ಯಾಕಮ್ಮ ಅಳ್ತೀಯ?” ಅಂದಳು ಮಗಳು. ಗೊತ್ತಿರೋದಕ್ಕೇ ಕಣೇ.

ಮುಗಿಸಿದ ಭಾನುವಾರ ಬಸ್ಸು ಹತ್ತಿ ಚಿತ್ರದುರ್ಗಕ್ಕೇ ಹೋದೆ. ಕೋಟೆಯೊಳಗಿನ ಅಕ್ಕ-ತಂಗಿ ಹೊಂಡದವರೆಗೆ ಹತ್ತೋಷ್ಟರಲ್ಲಿ ಮಂಡಿ ಮಾತಾಡಿತು.

ಈ ತಿಂಗಳು ಒಂದು ಪತ್ತೇದಾರಿ ಕಾದಂಬರಿಯನ್ನೂ ಓದಿದೆ. ಕೊಲೆಗಾರ ಯಾರು ಅನ್ನೋದು ಈಗಲೇ ಮರೆತಿದೆ.

ತ.ರಾ.ಸು. ಅವರಿಗೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಪುಸ್ತಕ ‘ದುರ್ಗಾಸ್ತಮಾನ’, ಆದರೆ ನೋಡಲು ಅವರಿರಲಿಲ್ಲ. ಕೊಳ್ಳುವವರು ಗಟ್ಟಿ ರಟ್ಟಿನದೇ ನೋಡಿ. ದಪ್ಪ ಪುಸ್ತಕ, ನನ್ನ ಪ್ರತಿಯ ಬೆನ್ನು ಅರ್ಧದಲ್ಲೇ ಬಿಚ್ಚಿತು.