ಕಂಪನಿಯಿಂದ ಬಂದ ಹಾಗೆಯೇ ಇದೆ ಎಂದು ನಂಬಿ ಕೊಂಡ ಟರ್ಬೊ ಕಾರು: ನಾನು ಗಮನಿಸದೆ ಬಿಟ್ಟ ಗುರುತುಗಳು

ಕಾರು ಕೊಂಡ ಏಳನೆಯ ವಾರ, ಉದ್ದನೆಯ ಏರೊಂದರಲ್ಲಿ ಮೂರನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಎಂಜಿನ್ ಒಮ್ಮೆ ಮುಗ್ಗರಿಸಿ ನಡುಗತೊಡಗಿತು. ಚೆಕ್ ಎಂಜಿನ್ ದೀಪ ಮಿನುಗುತ್ತಿತ್ತು, ಕನ್ನಡಿಯಲ್ಲಿ ಹಿಂದೆಲ್ಲ ನೀಲಿ ಹೊಗೆ ಕಾಣಿಸುತ್ತಿತ್ತು. ಗ್ಯಾರೇಜಿನಲ್ಲಿ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿ ಪಿಸ್ಟನ್‌ಗಳನ್ನು ಹೊರತೆಗೆದಾಗ ಮೂರನೆಯ ಪಿಸ್ಟನ್ನಿನ ಮೊದಲ ಎರಡು ರಿಂಗ್‌ಗಳ ನಡುವಿನ ತೆಳುವಾದ ಅಂಚು ಒಡೆದುಹೋಗಿತ್ತು. ಅದರ ಚೂರು ಉಜ್ಜಿದ ಕಡೆ ಸಿಲಿಂಡರಿನ ಗೋಡೆಯ ಮೇಲೆ ಉಗುರಿಗೆ ಸಿಗುವಷ್ಟು ಆಳದ ಗೀರು ಬಿದ್ದಿತ್ತು. ಹೀಗೆ ಒಡೆಯುವುದು ಸಾಮಾನ್ಯವಾಗಿ ನಾಕಿಂಗ್‌ನಿಂದ, ಅಂದರೆ ಇಂಧನ ಕ್ರಮವಾಗಿ ಉರಿಯದೆ ಸಿಡಿದು ಪಿಸ್ಟನ್ನನ್ನು ಸುತ್ತಿಗೆಯಂತೆ ಬಡಿಯುವುದರಿಂದ ಎಂದು ಮೆಕ್ಯಾನಿಕ್ ವಿವರಿಸಿ, ಈ ಎಂಜಿನ್‌ಗೆ ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಿಸಲು ಅದರ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ, ಮಾಡಿಸಿದ್ದಿರಾ ಎಂದು ಕೇಳಿದರು. ನಾನು ಮಾಡಿಸಿರಲಿಲ್ಲ. ಮಾರಿದವರು ಎಂಜಿನ್ ಕಂಪನಿಯಿಂದ ಬಂದ ಹಾಗೆಯೇ ಇದೆ ಎಂದು ಎರಡು ಬಾರಿ ಹೇಳಿದ್ದರು.

ನಿಜ ಗೊತ್ತಾದದ್ದು ಸರ್ವಿಸ್ ಪುಸ್ತಕದಲ್ಲಿ ಹೆಸರಿದ್ದ, ಅವರಿಗೂ ಹಿಂದಿನ ಮಾಲೀಕರನ್ನು ಹುಡುಕಿ ಮಾತನಾಡಿದಾಗ. ಅವರು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದ ಒತ್ತಡ ಹೆಚ್ಚಿಸುವ ಸಾಫ್ಟ್‌ವೇರ್ ಹಾಕಿಸಿ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ದೊಡ್ಡ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಪೈಪ್) ಕೂರಿಸಿ ಎರಡು ವರ್ಷ ಓಡಿಸಿದ್ದರಂತೆ, ಮತ್ತು ಅದನ್ನು ಮುಚ್ಚಿಡದೆ ಹೇಳಿಯೇ ಮಾರಿದ್ದರಂತೆ. ನನಗೆ ಮಾರಿದವರು ಆ ಭಾಗಗಳನ್ನೆಲ್ಲ ಬಿಚ್ಚಿ, ಹಳೆಯ ಭಾಗಗಳನ್ನು ಮರಳಿ ಕೂರಿಸಿ, ಮೂಲ ಸಾಫ್ಟ್‌ವೇರನ್ನು ಮತ್ತೆ ಬರೆಸಿದ್ದರು. ಎಂಜಿನ್ ಮಾರ್ಪಡಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮಾರ್ಪಾಡು ಕಣ್ಣೆದುರಿಗಿದ್ದರೆ ಕೊಳ್ಳುವವನು ಯಾರು ಟ್ಯೂನ್ ಮಾಡಿದರು, ಎಷ್ಟು ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಳತೆ) ಇರುವ ಇಂಧನಕ್ಕೆ ಮಾಡಿದರು ಎಂದು ಕೇಳಬಹುದು, ಎಂಜಿನ್ನನ್ನು ಅದಕ್ಕೆ ತಕ್ಕಂತೆ ಪರೀಕ್ಷಿಸಬಹುದು. ಬಿಚ್ಚಿ ಮೊದಲಿನಂತೆ ಮಾಡಿದ ಕಾರಿನಲ್ಲಿ ಸವೆತ ಮಾತ್ರ ಉಳಿದಿರುತ್ತದೆ, ಕೇಳಬೇಕಾದ ಪ್ರಶ್ನೆಯೇ ಹೊಳೆಯುವುದಿಲ್ಲ.

ಕಾರು ನೋಡಲು ಹೋದ ದಿನ ಗುರುತುಗಳು ನನ್ನ ಎದುರಿಗೇ ಇದ್ದವು. ಎಂಜಿನ್ ಆಗಲೇ ಬಿಸಿಯಾಗಿತ್ತು, ನಿಮಗಾಗಿ ಈಗಷ್ಟೇ ಒಂದು ಸುತ್ತು ಹೋಗಿ ಬಂದೆ ಎಂದು ಮಾರುವವರು ಹೇಳಿದರು. ರಾತ್ರಿಯಿಡೀ ನಿಂತ ಎಂಜಿನ್ ಮೊದಲ ಸಲ ಶುರುವಾಗುವಾಗ ಬರುವ ಹೊಗೆ ಮತ್ತು ಸದ್ದು ಬಿಸಿ ಎಂಜಿನ್ನಿನಲ್ಲಿ ಅಡಗಿಹೋಗುತ್ತವೆ ಎಂಬುದನ್ನು ಬಲ್ಲವನಾಗಿದ್ದೂ ನಾನು ಮರುದಿನ ಬೆಳಿಗ್ಗೆ ಬರುತ್ತೇನೆ ಎನ್ನಲಿಲ್ಲ. ಜೇಬಿನಲ್ಲಿದ್ದ, ಎಂಜಿನ್ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಚಿಕ್ಕ ಓಬಿಡಿ ಸ್ಕ್ಯಾನರನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದಾಗ ಒಂದೂ ದೋಷಸಂಕೇತ ಇಲ್ಲ ಎಂದು ಬಂತು, ನಾನು ಅಷ್ಟಕ್ಕೇ ಸಮಾಧಾನಪಟ್ಟೆ. ಅದೇ ಪರದೆಯಲ್ಲಿ ಇನ್ನೆರಡು ಸಂಗತಿಗಳಿದ್ದವು: ಸಂಕೇತಗಳನ್ನು ಅಳಿಸಿದ ಮೇಲೆ ಓಡಿದ ದೂರ 11 ಕಿ.ಮೀ., ಮತ್ತು ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್‌ಗಳ ಎದುರು ‘ಅಪೂರ್ಣ’ ಎಂಬ ಪದ. ಎರಡನ್ನೂ ಓದಿದೆ, ಎರಡರ ಅರ್ಥವನ್ನೂ ಯೋಚಿಸಲಿಲ್ಲ.

ಅರ್ಥ ಹೀಗಿದೆ. ಎಂಜಿನ್ ಕಂಪ್ಯೂಟರ್ ತನ್ನ ಹೊಗೆನಿಯಂತ್ರಣದ ಭಾಗಗಳನ್ನು ಓಡಾಟದ ನಡುವೆ ತಾನೇ ಪರೀಕ್ಷಿಸಿಕೊಂಡು, ಪ್ರತಿಯೊಂದರ ಪರೀಕ್ಷೆ ಮುಗಿದಿದೆಯೇ ಇಲ್ಲವೇ ಎಂದು ಬರೆದಿಟ್ಟುಕೊಳ್ಳುತ್ತದೆ. ಸಂಕೇತಗಳನ್ನು ಅಳಿಸಿದಾಗ, ಹಲವು ಕಾರುಗಳಲ್ಲಿ ಬ್ಯಾಟರಿ ಕಳಚಿದಾಗಲೂ, ಹೊಸ ಸಾಫ್ಟ್‌ವೇರ್ ಬರೆದಾಗಲೂ, ಈ ಟಿಪ್ಪಣಿ ಅಳಿಸಿಹೋಗುತ್ತದೆ. ಮತ್ತೆ ಪೂರ್ತಿಯಾಗಲು ತಣ್ಣಗಿನ ಸ್ಟಾರ್ಟ್, ಒಂದೇ ವೇಗದ ದೀರ್ಘ ಓಟ ಇವೆಲ್ಲ ಸೇರಿದ ಕೆಲವು ದಿನಗಳ ಓಡಾಟ ಬೇಕಾಗುತ್ತದೆ. ದಿನವೂ ಓಡಿಸುತ್ತೇನೆ ಎಂದು ಮಾಲೀಕರು ಹೇಳುವ ಕಾರಿನಲ್ಲಿ ಪರೀಕ್ಷೆಗಳು ಅಪೂರ್ಣವಾಗಿದ್ದರೆ ಯಾರೋ ಇತ್ತೀಚೆಗೆ ಏನನ್ನೋ ಅಳಿಸಿದ್ದಾರೆ. ಹೊಸ ಬ್ಯಾಟರಿ ಹಾಕಿಸಿದೆ ಎಂಬ ಉತ್ತರ ನಿಜವೂ ಇರಬಹುದು. ಅಂಥಾದ್ದರಲ್ಲಿ ವಾರ ಬಿಟ್ಟು, ಪರೀಕ್ಷೆಗಳು ಪೂರ್ತಿಯಾದ ಮೇಲೆ ಮತ್ತೆ ಸ್ಕ್ಯಾನರ್ ಹಾಕಿ ನೋಡಲು ಒಪ್ಪುತ್ತಾರೆಯೇ ಎಂದು ಕೇಳಿ.

ಸಾಫ್ಟ್‌ವೇರ್ ಬದಲಾಗಿದೆಯೇ ಎಂದು ತಿಳಿಯಲು ಓಬಿಡಿ ಮೂಲಕವೇ ಸಾಫ್ಟ್‌ವೇರಿನ ಗುರುತಾದ ಕ್ಯಾಲಿಬ್ರೇಷನ್ ಸಂಖ್ಯೆಯನ್ನೂ, ಆ ಸಾಫ್ಟ್‌ವೇರಿನ ಮೇಲೆ ಲೆಕ್ಕಹಾಕಿ ಬರುವ ಪರಿಶೀಲನಾ ಸಂಖ್ಯೆಯನ್ನೂ ಓದಬಹುದು. ತಯಾರಕರ ದಾಖಲೆಗೆ ಇವು ಹೊಂದದಿದ್ದರೆ ಒಳಗಿರುವುದು ಬೇರೆಯದು. ಆದರೆ ನನ್ನ ಕಾರಿನಂತೆ ಮೂಲವನ್ನು ಮರಳಿ ಬರೆಸಿದ್ದರೆ ಸಂಖ್ಯೆಗಳು ಸರಿಯಾಗಿಯೇ ಬರುತ್ತವೆ. ಕೆಲವು ತಯಾರಕರ ಕಂಪ್ಯೂಟರ್‌ಗಳು ಎಷ್ಟು ಬಾರಿ ತಮ್ಮ ಮೇಲೆ ಬರೆಯಲಾಗಿದೆ ಎಂಬ ಎಣಿಕೆಯನ್ನೂ ಇಟ್ಟುಕೊಳ್ಳುವುದರಿಂದ, ಆ ಬ್ರ್ಯಾಂಡಿನ ಅಧಿಕೃತ ವರ್ಕ್‌ಶಾಪಿನಲ್ಲಿ ಒಂದು ಗಂಟೆ ಕಳೆಯುವುದು ಲಾಭವೇ. ಪೋರ್ಷೆ ಕಾರುಗಳಲ್ಲಿ ಎಂಜಿನ್ ತನ್ನ ಮಿತಿಗಿಂತ ಹೆಚ್ಚು ವೇಗವಾಗಿ ಎಷ್ಟು ಸಲ ಸುತ್ತಿದೆ ಎಂಬುದೂ ಹಂತ ಹಂತವಾಗಿ ದಾಖಲಾಗಿರುತ್ತದೆ, ಹಳೆಯ ಪೋರ್ಷೆ ಕೊಳ್ಳುವವರು ಆ ವರದಿ ಇಲ್ಲದೆ ಮಾತಿಗೇ ಕೂರುವುದಿಲ್ಲ. ಎಣಿಕೆ ಏರದಂತೆ ಬರೆಯುವ ಉಪಕರಣಗಳೂ ಇವೆ. ಎಣಿಕೆ ಸರಿಯಾಗಿದೆ ಎಂದಮಾತ್ರಕ್ಕೆ ಯಾರೂ ಮುಟ್ಟಿಲ್ಲ ಎಂದಾಗುವುದಿಲ್ಲ, ಆದ್ದರಿಂದ ಕಣ್ಣು ಮತ್ತು ಕೈಗಳ ಪರೀಕ್ಷೆಯನ್ನು ಬಿಡುವಂತಿಲ್ಲ.

ಬಾನೆಟ್ ತೆರೆದು ಟಾರ್ಚ್ ಹಿಡಿದು ನೋಡಬೇಕಾದದ್ದು ಹೊಸದು ಮತ್ತು ಹಳೆಯದು ಪಕ್ಕಪಕ್ಕದಲ್ಲಿರುವ ಜಾಗಗಳನ್ನು. ಕಾರ್ಖಾನೆಯ ಒತ್ತುಕ್ಲಿಪ್ಪುಗಳ ನಡುವೆ ಒಂದೆರಡು ಕಡೆ ಮಾತ್ರ ಸ್ಕ್ರೂ ತಿರುಗಿಸುವ ಕ್ಲ್ಯಾಂಪ್ ಇದ್ದರೆ ಆ ಪೈಪನ್ನು ಯಾರೋ ಕಳಚಿದ್ದಾರೆ. ಟರ್ಬೊ ಪೈಪಿನ ಮೇಲಿನ ಒತ್ತಡದ ಸೆನ್ಸರಿನ ಕನೆಕ್ಟರ್ ಗೀಚಿಹೋಗಿದ್ದರೆ, ಅದರ ಬೀಗದ ತುದಿ ಮುರಿದಿದ್ದರೆ, ಹತ್ತಿರದ ವೈರುಗಳಿಗೆ ಉಳಿದ ಕಡೆಗಿಂತ ಬೇರೆ ಬಗೆಯ ಟೇಪ್ ಸುತ್ತಿದ್ದರೆ, ಸೆನ್ಸರ್ ಕಳಿಸುವ ಅಳತೆಯನ್ನು ತಿರುಚಿ ಹೆಚ್ಚು ಒತ್ತಡ ಪಡೆಯುವ ಟ್ಯೂನಿಂಗ್ ಪೆಟ್ಟಿಗೆ ಅಲ್ಲಿದ್ದಿರಬಹುದು. ಅದನ್ನು ಕಿತ್ತರೆ ಕಂಪ್ಯೂಟರಿನ ಸಾಫ್ಟ್‌ವೇರಿನಲ್ಲಿ ಏನೂ ಉಳಿಯುವುದಿಲ್ಲ. ಕೆಳಗೆ ಬಗ್ಗಿ ಎಗ್ಸಾಸ್ಟ್ ನೋಡಿ: ನನ್ನ ಕಾರಿನಲ್ಲಿ ಪೈಪುಗಳೆಲ್ಲ ತುಕ್ಕಿನಿಂದ ಕಂದಾಗಿದ್ದರೂ ಡೌನ್‌ಪೈಪಿನ ಬೋಲ್ಟುಗಳು ಮತ್ತು ಗ್ಯಾಸ್ಕೆಟ್ ಬೆಳ್ಳಗೆ ಹೊಳೆಯುತ್ತಿದ್ದವು. ಒಳಗೆ, ಚಾಲಕನ ಬಲಕ್ಕೆ ಮುಂಗಾಜಿನ ಪಕ್ಕದ ಕಂಬದ ಹೊದಿಕೆಯಲ್ಲಿ ಎರಡು ಸಣ್ಣ ತೂತುಗಳಿದ್ದವು. ಒತ್ತಡ ತೋರಿಸುವ ಗೇಜ್ ಅಲ್ಲಿ ಕೂತಿತ್ತು ಎಂದು ಹಿಂದಿನ ಮಾಲೀಕರು ಹೇಳಿದ ಮೇಲಷ್ಟೇ ನನಗೆ ಅವು ಕಂಡವು.

ಎಲ್ಲಕ್ಕಿಂತ ಸುಲಭವಾಗಿ ನಿಜ ಹೇಳುತ್ತಿದ್ದದ್ದು ಸ್ಪಾರ್ಕ್ ಪ್ಲಗ್, ನಾನು ಅದನ್ನು ಬಿಚ್ಚಿಸಲೇ ಇಲ್ಲ. ಭಾಗಗಳನ್ನು ಮೊದಲಿನಂತೆ ಮಾಡುವವರು ಪ್ಲಗ್‌ಗಳನ್ನು ಮರೆಯುವುದುಂಟು, ಏಕೆಂದರೆ ಅವು ಹೊರಗೆ ಕಾಣುವುದಿಲ್ಲ. ಶಕ್ತಿ ಹೆಚ್ಚಿಸಿದ ಎಂಜಿನ್‌ಗಳಿಗೆ ಶಾಖವನ್ನು ಬೇಗ ಹೊರಗೆಳೆಯುವ, ಒಂದು ಹಂತ ‘ತಣ್ಣಗಿನ’ ಪ್ಲಗ್ ಹಾಕುವುದು ರೂಢಿ. ಎನ್‌ಜಿಕೆ ಪ್ಲಗ್‌ಗಳಲ್ಲಿ ಶಾಖದ ಅಂಕಿ ಹೆಚ್ಚಿದಷ್ಟೂ ಪ್ಲಗ್ ತಣ್ಣಗಿನದು, ಬಾಷ್‌ನಲ್ಲಿ ಅಂಕಿ ಕಡಿಮೆಯಾದಷ್ಟೂ ತಣ್ಣಗಿನದು. ನನ್ನ ಎಂಜಿನ್ನಿನಿಂದ ತೆಗೆದ ನಾಲ್ಕೂ ಪ್ಲಗ್‌ಗಳು ಕೈಪಿಡಿ ಹೇಳಿದ್ದಕ್ಕಿಂತ ಒಂದು ಹಂತ ತಣ್ಣಗಿನವು, ಕಿಡಿಯ ಅಂತರ 0.8 ಮಿ.ಮೀ. ಇರಬೇಕಾದಲ್ಲಿ 0.6ಕ್ಕೆ ಬಗ್ಗಿಸಿದ್ದರು. ಮೂರನೆಯದನ್ನು ಭೂತಗನ್ನಡಿಯ ಕೆಳಗೆ ಹಿಡಿದಾಗ ಬಿಳಿಯ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಸಣ್ಣ ಚುಕ್ಕೆಗಳಿದ್ದವು, ಕೆಲವು ಬೆಳಕಿಗೆ ಹೊಳೆಯುತ್ತಿದ್ದವು. ಅವು ಪಿಸ್ಟನ್ನಿನಿಂದ ಎದ್ದ ಅಲ್ಯೂಮಿನಿಯಂ ಕಣಗಳು. ಪಿಸ್ಟನ್ ಒಡೆಯುವ ಮೊದಲೇ ನಾಕಿಂಗ್ ಬಿಟ್ಟುಹೋದ ಆ ಗುರುತನ್ನು ಅರ್ಧ ಗಂಟೆಯ ಕೆಲಸದಲ್ಲಿ ನೋಡಬಹುದಿತ್ತು ಎಂಬ ನೋವು ನನಗೆ ಇನ್ನೂ ಇದೆ.

ಪ್ಲಗ್ ಬಿಚ್ಚಿದ ಮೇಲೆ, ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಒತ್ತುತ್ತದೆ ಎಂದು ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಮುಚ್ಚಬೇಡಿ. ಎಂಜಿನ್ ಬಿಸಿಯಿರುವಾಗ, ಗಾಳಿ ಒಳಬರುವ ಥ್ರಾಟಲ್ ಪೂರ್ತಿ ತೆರೆದು ಎಲ್ಲ ಸಿಲಿಂಡರ್‌ಗಳನ್ನೂ ಅಳೆಯಬೇಕು. ಒಂದಕ್ಕೂ ಇನ್ನೊಂದಕ್ಕೂ ಶೇ. 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರಣ ತಿಳಿಯದೆ ಮುಂದುವರಿಯಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ರಿಂಗ್‌ಗಳ ಕಡೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ಟಿನ ಕಡೆ. ಗಾಳಿ ತುಂಬಿ ಸೋರಿಕೆ ಅಳೆಯುವ ಲೀಕ್‌ಡೌನ್ ಪರೀಕ್ಷೆ ಇನ್ನೂ ಸ್ಪಷ್ಟ: ಆಯಿಲ್ ಹಾಕುವ ಬಾಯಿಗೆ ಕಿವಿಕೊಟ್ಟಾಗ ಸುಯ್‌ಗುಟ್ಟುವಿಕೆ ಕೇಳಿಸಿದರೆ ರಿಂಗ್, ಸೈಲೆನ್ಸರಿನಲ್ಲಿ ಕೇಳಿಸಿದರೆ ಎಗ್ಸಾಸ್ಟ್ ವಾಲ್ವ್, ಕೂಲಂಟಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಸಾಧ್ಯವಾದರೆ ಪ್ಲಗ್ಗಿನ ತೂತಿನಿಂದಲೇ ಸಣ್ಣ ಕ್ಯಾಮೆರಾ ಇಳಿಸಿ ಸಿಲಿಂಡರಿನ ಗೋಡೆಯನ್ನೂ ನೋಡಿಸಿ.

ಮಾರುವವರನ್ನು ‘ಎಂಜಿನ್ ಸರಿಯಿದೆಯೇ’ ಎಂದು ಕೇಳಿದರೆ ‘ಸರಿಯಿದೆ’ ಎಂಬ ಉತ್ತರವೇ ಬರುತ್ತದೆ. ಬದಲಿಗೆ, ಈ ಕಾರಿನಲ್ಲಿ ಹಿಂದೆ ಯಾವಾಗಲಾದರೂ ಸಾಫ್ಟ್‌ವೇರ್, ಟ್ಯೂನಿಂಗ್ ಪೆಟ್ಟಿಗೆ ಅಥವಾ ಎಗ್ಸಾಸ್ಟ್ ಬದಲಾಗಿತ್ತೇ, ಈಗ ತೆಗೆದಿದ್ದರೂ ಹೇಳಿ ಎಂದು ಕೇಳಿ, ಉತ್ತರವನ್ನು ಮಾರಾಟದ ಪತ್ರದಲ್ಲಿ ಬರೆಸಿಕೊಳ್ಳಿ. ಘೋಷಿಸದ ಮಾರ್ಪಾಡಿನ ನೆಪದಲ್ಲಿ ವಿಮೆಯವರು ಪರಿಹಾರ ನಿರಾಕರಿಸುವ ಸಾಧ್ಯತೆಯೂ ಇರುವುದರಿಂದ ಆ ಒಂದು ಸಾಲು ಮುಂದೆ ಬೇಕಾಗುತ್ತದೆ. ನನ್ನ ಕೈಯಲ್ಲಿದ್ದದ್ದು ಬಾಯಿಮಾತು ಮಾತ್ರ. ಫೋನ್ ಮಾಡಿದಾಗ ಮಾರಿದವರು, ನಾನು ಮಾರಿದ ದಿನ ಕಾರು ಕಂಪನಿಯಿಂದ ಬಂದ ಹಾಗೆಯೇ ಇತ್ತಲ್ಲ ಎಂದರು. ಅಂದು ಕಾರಿನಲ್ಲಿದ್ದ ಭಾಗಗಳ ಮಟ್ಟಿಗೆ ಆ ಮಾತು ನಿಜವಾಗಿತ್ತು, ನಾನು ಕೇಳಿದ್ದೂ ಅಂದಿನ ಸ್ಥಿತಿಯನ್ನಷ್ಟೇ.