ಒತ್ತಿನೊಳಗೆ ಇಳಿಯುವ ಕರ್ಸರ್: ಕರಡು ತಿದ್ದುವವರಿಗೆ ಈಮ್ಯಾಕ್ಸ್

ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಡಿಟಿಪಿಯಿಂದ ಬರುವ ಕಡತಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಿಗುವುದು ಮಹಾಪ್ರಾಣದ ತಪ್ಪು: ‘ಸಿದ್ದಿ’, ‘ಶುದ್ದಿ’, ‘ಪ್ರಸಿದ್ದ’. ಕೆಳಗಿನ ಒತ್ತೊಂದು ಬದಲಾದರೆ ಸಾಕು. ಎಲ್ಲವನ್ನೂ ಒಟ್ಟಿಗೆ ಹುಡುಕಿ ಬದಲಿಸೋಣವೆಂದರೆ ಸರಿಯಾಗಿದ್ದ ‘ಸುದ್ದಿ’ಯೂ ‘ಸುದ್ಧಿ’ಯಾಗಿಬಿಡುತ್ತದೆ. ಒಂದೊಂದನ್ನೂ ನೋಡಿ ಕೈಯಲ್ಲೇ ತಿದ್ದದೆ ಬೇರೆ ದಾರಿಯಿಲ್ಲ.

ಯೂನಿಕೋಡ್‌ನಲ್ಲಿ ‘ದ್ದಿ’ ಎಂದರೆ ದ, ಹಲಂತ (್), ಮತ್ತೆ ದ, ಗುಡಿಸು. ಒಟ್ಟು ನಾಲ್ಕು ಸಂಕೇತ. ‘ಸ್ತ್ರೀ’ಯಲ್ಲಿ ಆರು. ನಾನು ಮೊದಲು ಬಳಸುತ್ತಿದ್ದ ಎಡಿಟರ್‌ನಲ್ಲಿ ಕರ್ಸರ್ ಇಡೀ ಸಂಯುಕ್ತಾಕ್ಷರವನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತಿತ್ತು. ನಡುವೆ ನಿಲ್ಲಲು ಜಾಗವೇ ಇಲ್ಲ. ಒತ್ತು ತಿದ್ದಬೇಕೆಂದರೆ ಗುಡಿಸನ್ನೂ ಅಳಿಸಿ, ಒತ್ತನ್ನೂ ಅಳಿಸಿ, ಎರಡನ್ನೂ ಮತ್ತೆ ಹೊಡೆಯಬೇಕು. ಬಣ್ಣ, ಐಕಾನು, ಪಟ್ಟಿಯ ಅಗಲ ಇವುಗಳಿಗೆಲ್ಲ ಪುಟಗಟ್ಟಲೆ ಆಯ್ಕೆಗಳಿದ್ದ ಆ ಎಡಿಟರ್‌ನವರಿಗೆ, ಕರ್ಸರ್ ಅಕ್ಷರದೊಳಗೂ ನಿಲ್ಲುವಂತೆ ಒಂದು ಆಯ್ಕೆ ಕೊಡಿ ಎಂದು ವಿವರವಾಗಿ ಬರೆದೆ. ಇದನ್ನು ಬಳಸುವವರು ತೀರಾ ಕಡಿಮೆ ಎಂದು ಬೇಡಿಕೆಯನ್ನು ಮುಚ್ಚಿದರು. ನನಗೆ ನಿಜಕ್ಕೂ ನೋವಾಯಿತು. ಭಾರತದ ಬಹುಪಾಲು ಲಿಪಿಗಳಲ್ಲಿ ತಿದ್ದುಪಡಿ ಮಾಡುವವರೆಲ್ಲರಿಗೂ ಬೇಕಾದ ಸಂಗತಿ ಇದು.

ಈಮ್ಯಾಕ್ಸ್ ಎಂಬ ಎಡಿಟರ್‌ಗೆ ಬಂದದ್ದು ಆ ಬೇಸರದಲ್ಲೇ. ಮೊದಲ ವಾರಗಳು ಕಷ್ಟವಾದವು. ಆ ಕೀಲಿಗಳ ಜೋಡಣೆಗೆ ಬೆರಳು ಒಗ್ಗಲು ಸಮಯ ಬೇಕು. ಆದರೆ 2023ರ ಜುಲೈನಲ್ಲಿ ಬಂದ 29.1ನೇ ಆವೃತ್ತಿಯಲ್ಲಿ ‘ಕಾಂಪೊಸಿಷನ್-ಬ್ರೇಕ್-ಅಟ್-ಪಾಯಿಂಟ್’ (composition-break-at-point) ಎಂಬ ಒಂದು ಚರ, ಅಂದರೆ ಬದಲಿಸಬಹುದಾದ ಸೆಟ್ಟಿಂಗ್, ಸೇರಿದೆ. ಅದಕ್ಕೆ ‘ಟಿ’ (t, ಅಂದರೆ ‘ಹೌದು’) ಎಂಬ ಬೆಲೆ ಕೊಟ್ಟರೆ, ಕರ್ಸರ್ ಹೋದ ಜಾಗದಲ್ಲಿ ಸಂಯುಕ್ತಾಕ್ಷರ ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ಆಚೆ ಸರಿದ ತಕ್ಷಣ ಮತ್ತೆ ಕೂಡಿಕೊಳ್ಳುತ್ತದೆ. ನಾನು ಬೇಡಿದ್ದು ಇದನ್ನೇ! ಅದು ಮೊದಲ ಸಲ ಪರದೆಯ ಮೇಲೆ ಆದಾಗ ಆದ ಸಂತೋಷವನ್ನು ಈ ಕೆಲಸದಲ್ಲಿರುವವರು ಬಲ್ಲರು.

ಈಗ ನನ್ನ ಬೆಳಗು ಹೀಗೆ. ಕಡತ ತೆರೆದು ಕಂಟ್ರೋಲ್ ಮತ್ತು ಹಿಂಬದಿ ಓರೆಗೆರೆ (\) ಒತ್ತಿದರೆ ಒಮ್ಮೆ ಆರಿಸಿಟ್ಟ ಕನ್ನಡ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸ ಸಿದ್ಧ, ಬೇರೆ ತಂತ್ರಾಂಶ ಬೇಡ. ಅಕ್ಷರ ಬಿಚ್ಚುವುದನ್ನು ಎಫ್9 ಕೀಲಿಗೆ ಕಟ್ಟಿಕೊಂಡಿದ್ದೇನೆ; ಬಿಚ್ಚಿದಾಗ ಅಗಲ ಬದಲಾಗಿ ಸಾಲು ಸರಿಯುವುದರಿಂದ, ಓದುವಾಗ ಅದನ್ನು ನಿಲ್ಲಿಸಿ, ತಿದ್ದುವಾಗ ಮಾತ್ರ ಹಾಕುತ್ತೇನೆ. ತಪ್ಪು ಸಿಕ್ಕರೆ ಎಫ್9, ಬಾಣದ ಕೀಲಿಯಿಂದ ಎರಡನೆಯ ‘ದ’ದ ಎಡಕ್ಕೆ ನಿಲ್ಲುವುದು, ಅದನ್ನು ಅಳಿಸಲು ಕಂಟ್ರೋಲ್-ಡಿ, ಬದಲಿಗೆ ಒಂದು ‘ಧ’. ಗುಡಿಸು ಇದ್ದಲ್ಲೇ ಇರುತ್ತದೆ. ಅಳಿಸುವುದರಲ್ಲೂ ಈ ಸೂಕ್ಷ್ಮವಿದೆ: ಬ್ಯಾಕ್‌ಸ್ಪೇಸ್ ಒಂದೇ ಸಂಕೇತವನ್ನು ಅಳಿಸುತ್ತದೆ, ಡಿಲೀಟ್ ಕೀಲಿ ಇಡೀ ಅಕ್ಷರವನ್ನೇ ತೆಗೆಯುತ್ತದೆ. ಎರಡೂ ಬೇಕು, ಎರಡೂ ಇವೆ.

ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನಿಂದ ಪರಿವರ್ತಿಸಿದ ಕಡತಗಳಲ್ಲಿ ಅರ್ಕಾವತ್ತು ಜಾಗ ತಪ್ಪಿ ‘ಕಾರ್ಯ’ ಎಂಬುದು ‘ಕಾಯರ್’ ಆಗಿ, ‘ವರ್ಷ’ ಎಂಬುದು ‘ವಷರ್’ ಆಗಿ ಬಂದಿರುತ್ತದೆಯಲ್ಲ, ಅಂಥಲ್ಲಿ ಕಂಟ್ರೋಲ್-ಯು ಒತ್ತಿ, ನಂತರ ಕಂಟ್ರೋಲ್-ಎಕ್ಸ್ ಮತ್ತು ಸಮಚಿಹ್ನೆ ಹೊಡೆದರೆ ಕರ್ಸರ್ ಇರುವ ಕಡೆಯ ಸಂಕೇತ ಯಾವುದು, ಯಾವ ಫಾಂಟಿನಿಂದ ಮೂಡಿದೆ ಎಂಬುದೆಲ್ಲ ಕೆಳಗೆ ತೆರೆದುಕೊಳ್ಳುತ್ತದೆ. ಸಾಲಿನ ಅಂತರವನ್ನು ಸಾಲಿನ ಎತ್ತರದ 0.3 ಪಾಲಿನಷ್ಟು ಹೆಚ್ಚಿಸಿಕೊಂಡಿದ್ದೇನೆ, ಒತ್ತುಗಳು ಕೆಳಗಿನ ಸಾಲಿಗೆ ತಾಗುವುದಿಲ್ಲ. ದುಡ್ಡು ಕೊಡುವ ಮಾತೇ ಇಲ್ಲ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ಹಗುರವಾಗಿ ಓಡುತ್ತದೆ.

ಒಂದು ಕೊರತೆ ಉಳಿದಿದೆ. ಈ ಸೌಲಭ್ಯ ಮೆನುವಿನಲ್ಲಿ ಎಲ್ಲೂ ಕಾಣುವುದಿಲ್ಲ. ಹೆಸರು ಗೊತ್ತಿದ್ದವರಿಗಷ್ಟೇ ಸಿಗುತ್ತದೆ. ಆಪ್ಷನ್ಸ್ ಮೆನುವಿನ ಬಹುಭಾಷಾ ವಿಭಾಗದಲ್ಲಿ ಟೈಪಿಂಗ್ ವಿಧಾನ ಬದಲಿಸುವ ಸಾಲು ಇದೆ, ಅದರ ಪಕ್ಕದಲ್ಲೇ ಇದಕ್ಕೂ ಒಂದು ಸಾಲು ಬೇಕು ಎಂದು ಈಚೆಗೆ ಬರೆದು ಕಳಿಸಿದೆ. ಆಲ್ಟ್-ಎಕ್ಸ್ ಒತ್ತಿ ‘ರಿಪೋರ್ಟ್-ಈಮ್ಯಾಕ್ಸ್-ಬಗ್’ ಎಂದರೆ ಪತ್ರ ಬರೆಯುವ ಕಿಟಕಿ ಅಲ್ಲೇ ತೆರೆಯುತ್ತದೆ. ತೆಲುಗು, ಮಲಯಾಳಂ ತಿದ್ದುವ ಗೆಳೆಯರೂ ಬರೆದರೆ ಬೇಡಿಕೆಗೆ ಬಲ ಬರುತ್ತದೆ.

ಬರೀ ಬರೆಯುವುದು ನಿಮ್ಮ ಕೆಲಸವಾದರೆ ಈಗಿರುವ ಎಡಿಟರ್ ಸಾಕು, ಇಷ್ಟು ಕಲಿಯುವ ಶ್ರಮ ಬೇಡ. ದಿನವಿಡೀ ಬೇರೆಯವರ ಕನ್ನಡ ತಿದ್ದುವವರಾದರೆ ಖಂಡಿತ ಹಾಕಿಕೊಳ್ಳಿ, ಆದರೆ ಆವೃತ್ತಿ ನೋಡಿಕೊಳ್ಳಿ. ಉಬುಂಟು ಲಿನಕ್ಸ್‌ನ 22.04ರಲ್ಲಿ ನೇರವಾಗಿ ಸಿಗುವುದು ಈಮ್ಯಾಕ್ಸ್ 27.1, ಅದರಲ್ಲಿ ಈ ಸೌಲಭ್ಯವಿಲ್ಲ. 24.04ರಲ್ಲಿ 29.3 ಇದೆ, ಅಲ್ಲಿ ಸಿಗುತ್ತದೆ.