ಬೆಂಗಳೂರು–ಲಂಡನ್ ನೇರ ವಿಮಾನ: 8 ವರ್ಷ, 6 ಪ್ರಯಾಣ

ಟಿಕೆಟ್ ಮಾರುವ ಜಾಲತಾಣಗಳು ತೋರಿಸುವ ‘ಹತ್ತೂವರೆ ಗಂಟೆ’ಯನ್ನು ನಂಬಿ ಮನೆ ಬಿಡಬೇಡಿ. ಅದು ವಿಮಾನದ ಲೆಕ್ಕ, ನಮ್ಮದಲ್ಲ. ಮಗಳ ಮನೆಗೆ ಹೋಗಲು ನಾನು ಮೈಸೂರು ಬಿಡುವುದು ಹಿಂದಿನ ರಾತ್ರಿ 11ಕ್ಕೆ. ಬೆಂಗಳೂರು ವಿಮಾನ ನಿಲ್ದಾಣಕ್ಕೆ ನೇರ ಹೋಗುವ ಫ್ಲೈಬಸ್‌ನಲ್ಲಿ ನಾಲ್ಕು ಗಂಟೆ, ನಿಲ್ದಾಣದಲ್ಲಿ ಕಾಯುವುದು ಇನ್ನೊಂದಷ್ಟು. ಸುಮಾರು 8,000 ಕಿಲೋಮೀಟರ್ ಹಾರಿ, ಅವಳ ಅಡುಗೆಮನೆಯಲ್ಲಿ ಕಾಫಿ ಲೋಟ ಕೈಗೆ ಬರುವಾಗ 20 ಗಂಟೆ ಮೀರಿರುತ್ತದೆ.

ಎರಡನೆಯ ಬಾರಿ 18,000 ರೂಪಾಯಿ ಉಳಿಯುತ್ತದೆಂದು ಕೊಲ್ಲಿಯ ಊರೊಂದರಲ್ಲಿ ವಿಮಾನ ಬದಲಿಸುವ ಟಿಕೆಟ್ ಕೊಂಡೆ. ಮೊದಲನೆಯದು ತಡವಾಯಿತು, ಎರಡನೆಯದು ತಪ್ಪಿತು. ಹನ್ನೊಂದು ಗಂಟೆ ಕಬ್ಬಿಣದ ಕುರ್ಚಿ. ಕಂಪನಿಯವರು ಕೊಟ್ಟ ಊಟದ ಚೀಟಿಗೆ ಸಸ್ಯಾಹಾರಿಗಳಿಗೆ ಸಿಕ್ಕಿದ್ದು ಹುರಿದ ಆಲೂಗಡ್ಡೆ ಮಾತ್ರ. ಪಿಂಚಣಿಯಲ್ಲಿ ಬದುಕುವವಳಿಗೆ 18,000 ಸಣ್ಣ ಮೊತ್ತವಲ್ಲ. ಆದರೂ ಅಂದಿನಿಂದ ನೇರ ವಿಮಾನವನ್ನು ಬಿಟ್ಟಿಲ್ಲ.

ನೇರ ವಿಮಾನದಲ್ಲೂ ಬೆಳಗಿನದನ್ನೇ ಆರಿಸಿ. ನನ್ನ ಮನಸ್ಸು ಸೋತಿರುವುದು ಅದಕ್ಕೆ. ಏಳಕ್ಕೆ ಹೊರಟರೆ ಲಂಡನ್‌ನಲ್ಲಿ ಇಳಿಯುವಾಗ ಅಲ್ಲಿ ಇನ್ನೂ ಮಧ್ಯಾಹ್ನ. ವಿಮಾನ ಪಶ್ಚಿಮಕ್ಕೆ ಓಡುವುದರಿಂದ ಸೂರ್ಯ ನಮ್ಮನ್ನು ದಾಟಿ ಹೋಗಲು ಹೆಣಗಾಡುತ್ತಾನೆ. ಹೊತ್ತು ಏರುವುದೇ ಇಲ್ಲವೇನೋ ಅನ್ನಿಸುತ್ತದೆ. ಊಟವಾದ ಮೇಲೆ ಸಿಬ್ಬಂದಿ ಕಿಟಕಿ ಮುಚ್ಚಲು ಹೇಳುತ್ತಾರೆ. ನಾನು ಎರಡು ಬೆರಳಿನಷ್ಟು ಸಂದು ಉಳಿಸಿಕೊಂಡು ಹಣೆಯನ್ನು ಗಾಜಿಗೆ ಒತ್ತಿ ಕೂರುತ್ತೇನೆ. ಒಂದು ಫೆಬ್ರವರಿಯಲ್ಲಿ ಇರಾನಿನ ಬೆಟ್ಟಗಳು ಕಂಡವು: ಕಂದು ನೆಲದ ಮೇಲೆ ಹಿಮದ ಗೆರೆಗಳು, ಹಪ್ಪಳ ಒಣಗಿಸಿದ ಸೀರೆಯ ಮೇಲೆ ಉಳಿದ ಹಿಟ್ಟಿನ ಹಾಗೆ. ಬಲಬದಿಯ ಕಿಟಕಿ ಒಳ್ಳೆಯದು. ಅರ್ಧ ದಾರಿಯ ನಂತರ ಬಿಸಿಲು ಎಡಕ್ಕೆ ಸರಿಯುತ್ತದೆ.

ಮಾತ್ರೆ ನುಂಗುವವರಿಗೆ ಒಂದು ಮಾತು. ಕೈಗಡಿಯಾರವನ್ನು ಇಳಿಯುವವರೆಗೂ ತಿರುಗಿಸಬೇಡಿ. ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ನಾನು ರಾತ್ರಿಯ ಬಿ.ಪಿ. ಮಾತ್ರೆಯನ್ನು ಮೊದಲ ದಿನ ನಮ್ಮೂರಿನ ಒಂಬತ್ತಕ್ಕೇ ನುಂಗಿ, ಆಮೇಲೆ ಮುಳ್ಳು ಹಿಂದಕ್ಕೆ ತಿರುಗಿಸುತ್ತೇನೆ. ನಿಮ್ಮ ವೈದ್ಯರನ್ನು ಮೊದಲೇ ಕೇಳಿಕೊಂಡಿರಿ.

ವಾಪಸು ಬರುವುದು ಮಾತ್ರ ಸುಖವಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಬಲವಾದ ಗಾಳಿ ಬೆನ್ನಿಗೆ ಸಿಗುವುದರಿಂದ ಹಾರಾಟ ಬೇಗ ಮುಗಿಯುತ್ತದೆ, ಅದು ನಿಜ. ಆದರೆ ರಾತ್ರಿಯೂ ಅಷ್ಟೇ ಬೇಗ ಮುಗಿಯುತ್ತದೆ. ಬೆಂಗಳೂರಿನಲ್ಲಿ ಬೆಳಗಿನ ಐದು. ದೇಹಕ್ಕೆ ಇನ್ನೂ ನಡುರಾತ್ರಿಯ ಆಸುಪಾಸು. ಅಲ್ಲಿಂದ ಮತ್ತೆ ನಾಲ್ಕು ಗಂಟೆ ಬಸ್ಸು. ಮೊಮ್ಮಗನನ್ನು ಬಿಟ್ಟು ಬಂದ ಸಂಕಟವೂ ಜೊತೆಗಿರುತ್ತದೆ. ಅದಕ್ಕೆ ವಿಮಾನವನ್ನು ದೂರುವಂತಿಲ್ಲ.

ಅಕ್ಟೋಬರ್‌ಗೆ ಏಳನೆಯ ಟಿಕೆಟ್ ಕಾದಿರಿಸಿದ್ದೇನೆ. ಬೆಳಗಿನ ವಿಮಾನ, ಬಲಬದಿಯ ಕಿಟಕಿ.